ಮೊದಲು ದೂರ, ಆಮೇಲೆ ಪವರ್: ಸ್ಟುಡಿಯೋ ಲೈಟಿಂಗ್ ತರಗತಿಯಲ್ಲಿ ಕಲಿತದ್ದು

ಸ್ಟುಡಿಯೋ ಲೈಟಿಂಗ್ ಕಲಿಕೆ ಶುರುವಾಗುವುದು ಒಂದು ಪೂರ್ತಿ ಕಪ್ಪು ಚಿತ್ರದಿಂದ. ಕ್ಯಾಮೆರಾವನ್ನು ಮ್ಯಾನುವಲ್ ಮೋಡ್‌ಗೆ ತಂದು, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಶಟರ್ ಸೆಕೆಂಡಿನ 1/125, ಅಪರ್ಚರ್ (ಲೆನ್ಸಿನ ಕಿಂಡಿ; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಎಫ್/8 ಇಟ್ಟು, ಫ್ಲ್ಯಾಶ್ ಯಾವುದೂ ಉರಿಯದಂತೆ ಒಂದು ಫ್ರೇಮ್ ತೆಗೆಸುತ್ತಾರೆ. ಪರದೆಯಲ್ಲಿ ಏನೂ ಕಾಣಬಾರದು. ಮುಖದ ಅಂಚೋ ಗೋಡೆಯ ಬಿಳುಪೋ ಮಸುಕಾಗಿ ಕಂಡರೆ ಕಿಟಕಿಯ ಪರದೆ ಎಳೆಯಬೇಕು, ಟ್ಯೂಬ್‌ಲೈಟ್ ಆರಿಸಬೇಕು, ಮತ್ತೆ ಒಂದು ಫ್ರೇಮ್ ತೆಗೆಯಬೇಕು. ಹೊಸಬರಿಗೆ ಇದು ಕಾಲಹರಣ ಅನಿಸುತ್ತದೆ. ಆದರೆ ಕೋಣೆಯ ಬೆಳಕು ಚಿತ್ರದೊಳಗೆ ನುಸುಳಿದರೆ ಮುಂದೆ ಎರಡು ತೊಂದರೆ. ನೆರಳಿನ ಭಾಗಕ್ಕೆ ಟ್ಯೂಬ್‌ಲೈಟಿನ ಹಸಿರು ಛಾಯೆಯೋ ಬಲ್ಬಿನ ಹಳದಿಯೋ ಅಂಟಿಕೊಳ್ಳುತ್ತದೆ; ಕೂತವರು ಅಲುಗಿದರೆ ಫ್ಲ್ಯಾಶ್ ಹಿಡಿದ ಸ್ಪಷ್ಟ ರೂಪದ ಪಕ್ಕದಲ್ಲೇ ಇನ್ನೊಂದು ಮಸುಕು ರೂಪ ಮೂಡುತ್ತದೆ. ಕಪ್ಪು ಫ್ರೇಮ್ ಸಿಕ್ಕ ಮೇಲೆ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಬೆಳಕೂ ನಾವೇ ಹಾಕಿದ್ದು. ತಪ್ಪಾದರೆ ಹುಡುಕುವುದು ಸುಲಭ.

ಶಟರ್ 1/125ಕ್ಕೇ ಏಕೆ? ಕ್ಯಾಮೆರಾದ ಶಟರ್‌ನಲ್ಲಿ ಎರಡು ಪರದೆಗಳಿರುತ್ತವೆ. ಮೊದಲನೆಯದು ಪೂರ್ತಿ ತೆರೆದು, ಎರಡನೆಯದು ಮುಚ್ಚಲು ಹೊರಡುವ ಮುನ್ನ ಸೆನ್ಸರ್ ಇಡಿಯಾಗಿ ಬಯಲಾಗಿರುವ ಒಂದು ಸಣ್ಣ ಅವಧಿ ಸಿಗಬೇಕು. ಫ್ಲ್ಯಾಶ್ ಉರಿಯಬೇಕಾದದ್ದು ಆಗಲೇ. ಇದಕ್ಕೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಮಿತಿ 1/160ರಿಂದ 1/250ರ ನಡುವೆ ಇದೆ. ಅದನ್ನು ದಾಟಿದರೆ ಚೌಕಟ್ಟಿನ ಉದ್ದನೆಯ ಬದಿಯಲ್ಲಿ ಕಪ್ಪು ಪಟ್ಟಿ ಬರುತ್ತದೆ. ದೀಪಕ್ಕೆ ಸಂಕೇತ ಕಳಿಸುವ ರೇಡಿಯೋ ಟ್ರಿಗರ್ ತಾನೂ ಸ್ವಲ್ಪ ತಡಮಾಡುವುದರಿಂದ, ಪುಸ್ತಕದಲ್ಲಿ 1/200 ಎಂದಿದ್ದ ಕ್ಯಾಮೆರಾದಲ್ಲೂ 1/160ಕ್ಕೆ ಇಳಿಸಿದರೆ ಮಾತ್ರ ಪಟ್ಟಿ ಹೋಗುವುದುಂಟು. ಹಿನ್ನೆಲೆ ಕಪ್ಪಗಿದ್ದರೆ ಈ ಪಟ್ಟಿ ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಪರೀಕ್ಷೆಯನ್ನು ಬಿಳಿ ಗೋಡೆಯ ಮೇಲೆ ಮಾಡಬೇಕು. ಮಿರರ್‌ಲೆಸ್ ಕ್ಯಾಮೆರಾ ಹಿಡಿದವರಿಗೆ ಇನ್ನೆರಡು ಸೂಚನೆ. ಎಕ್ಸ್‌ಪೋಷರ್ ಪ್ರಿವ್ಯೂ ಆಫ್ ಮಾಡಿ, ಇಲ್ಲದಿದ್ದರೆ ವ್ಯೂಫೈಂಡರ್ ಪೂರ್ತಿ ಕತ್ತಲಾಗಿ ಯಾರು ಎಲ್ಲಿ ನಿಂತಿದ್ದಾರೆಂದೂ ತಿಳಿಯುವುದಿಲ್ಲ. ಸೈಲೆಂಟ್ ಶಟರ್ ಆಫ್ ಮಾಡಿ, ಅದರಲ್ಲಿ ಹೆಚ್ಚಿನ ಕ್ಯಾಮೆರಾಗಳು ಫ್ಲ್ಯಾಶ್‌ಗೆ ಸಂಕೇತವನ್ನೇ ಕಳಿಸುವುದಿಲ್ಲ. "ನನ್ನ ಫ್ಲ್ಯಾಶ್ ಕೆಟ್ಟಿದೆ" ಎಂಬ ದೂರುಗಳಲ್ಲಿ ಬಹಳಷ್ಟು ಈ ಎರಡನೆಯ ಕಾರಣಕ್ಕೆ ಬರುತ್ತವೆ.

ಸಾಮಾನು ಜೋಡಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಸ್ಟ್ಯಾಂಡ್ ಬಿಚ್ಚಿ, ಕಾಲುಗಳನ್ನು ಅಗಲವಾಗಿ ಚಾಚಿ, ದೀಪದ ಭಾರ ಯಾವ ಕಡೆಗೆ ವಾಲುತ್ತದೋ ಆ ಕಡೆಗೆ ಒಂದು ಕಾಲು ಬರುವಂತೆ ತಿರುಗಿಸಿ ನಿಲ್ಲಿಸಬೇಕು. ದೀಪವನ್ನು ಸ್ಟ್ಯಾಂಡಿಗೆ ಏರಿಸುವ ಮೊದಲೇ ಮರಳು ಚೀಲ ಕಾಲಿನ ಮೇಲೆ ತೂಗಬೇಕು. ಚೀಲ ಪೂರ್ತಿ ನೆಲದ ಮೇಲೆ ಕೂತಿದ್ದರೆ ಅದರ ಭಾರ ಸ್ಟ್ಯಾಂಡ್‌ಗೆ ಸಿಗುವುದಿಲ್ಲ. ಬೂಮ್ (ದೀಪವನ್ನು ಅಡ್ಡಕ್ಕೆ ಚಾಚಿ ಹಿಡಿಯುವ ಕೋಲು) ಬಳಸುವಾಗ ಇನ್ನೊಂದು ತುದಿಗೆ ಎದುರು ತೂಕ ಕಟ್ಟಿದ ಮೇಲೆ ಮಾತ್ರ ದೀಪ ಏರಿಸಬೇಕು. ಫ್ಲ್ಯಾಶ್ ಹೆಡ್‌ನ ಪ್ಲಾಸ್ಟಿಕ್ ಮುಚ್ಚಳ ತೆಗೆಯದೆ ಸ್ವಿಚ್ ಹಾಕುವುದು ದುಬಾರಿ ತಪ್ಪು: ಒಳಗಿನ ಮಾಡೆಲಿಂಗ್ ಲ್ಯಾಂಪ್ (ನೆರಳು ಎಲ್ಲಿ ಬೀಳುತ್ತದೆಂದು ನೋಡಲು ಸದಾ ಉರಿಯುವ ಬಲ್ಬ್) 150ರಿಂದ 250 ವ್ಯಾಟ್‌ನ ಹ್ಯಾಲೊಜನ್ ಆಗಿದ್ದರೆ ಮುಚ್ಚಳ ಕರಗಿ ಅಲ್ಲೇ ಅಂಟಿಕೊಳ್ಳುತ್ತದೆ. ಫ್ಲ್ಯಾಶ್ ಟ್ಯೂಬನ್ನೂ ಹ್ಯಾಲೊಜನ್ ಬಲ್ಬನ್ನೂ ಬರಿಗೈಲಿ ಮುಟ್ಟಬಾರದು. ಬೆರಳಿನ ಎಣ್ಣೆ ಅಂಟಿದ ಜಾಗ ಹೆಚ್ಚು ಕಾದು ಗಾಜು ಅಲ್ಲೇ ಸೀಳುತ್ತದೆ. ಸಾಫ್ಟ್‌ಬಾಕ್ಸ್‌ಗೆ (ದೀಪದ ಮುಂದೆ ಕಟ್ಟುವ ಬಟ್ಟೆಯ ಪೆಟ್ಟಿಗೆ) ಎರಡು ಬಿಳಿ ಬಟ್ಟೆಗಳಿರುತ್ತವೆ, ಒಳಗೊಂದು ಹೊರಗೊಂದು. ಅವಸರದಲ್ಲಿ ಒಳಗಿನದನ್ನು ಬಿಟ್ಟವರಿಗೆ ಬೆಳಕಿನ ನಡುವೆ ಪ್ರಖರವಾದ ಒಂದು ಮಚ್ಚೆ, ಸುತ್ತ ಮಂಕು ಅಂಚು ಸಿಗುತ್ತದೆ. ಟ್ರಿಗರ್‌ನ ಚಾನೆಲ್ ದೀಪದ ಚಾನೆಲ್ ಒಂದೇ ಇರಲಿ, ಪ್ರತಿ ದೀಪಕ್ಕೂ ಬೇರೆ ಗುಂಪಿನ ಅಕ್ಷರ ಕೊಡಿ. ತರಗತಿಯಲ್ಲಿ ಹಲವರು ಒಟ್ಟಿಗೆ ಶೂಟ್ ಮಾಡುವಾಗ ಆಪ್ಟಿಕಲ್ ಸ್ಲೇವ್ ಆಫ್ ಇರಬೇಕು, ಇಲ್ಲವಾದರೆ ಪಕ್ಕದವರ ಫ್ಲ್ಯಾಶ್‌ಗೆ ನಮ್ಮ ದೀಪ ಉತ್ತರ ಕೊಡುತ್ತದೆ.

ಇಷ್ಟಾದ ಮೇಲೆ ಒಂದೇ ದೀಪ. ಬಹಳ ದಿನ ಒಂದೇ ದೀಪ. ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೊಂದು ಮೊಟ್ಟೆ. ಪಕ್ಕದಿಂದ ಬೆಳಕು ಬಿದ್ದಾಗ ಎಲ್ಲಿ ಹೊಳಪು, ಎಲ್ಲಿ ಮಧ್ಯಮ ಬೆಳಕು, ಎಲ್ಲಿಂದ ನೆರಳಿಗೆ ತಿರುವು, ಕಾಗದದಿಂದ ಪುಟಿದ ಬೆಳಕು ನೆರಳಿನ ಕೆಳಭಾಗವನ್ನು ಎಷ್ಟು ಎತ್ತುತ್ತದೆ ಎಂದು ನೋಡಿಸುತ್ತಾರೆ. ಬಿಳಿ ಕಾಗದದ ಜಾಗಕ್ಕೆ ಕರಿ ಕಾಗದ ಇಟ್ಟರೆ ಆ ಕೆಳಭಾಗ ತಟ್ಟನೆ ಕಪ್ಪಾಗುತ್ತದೆ. ಮುಖಕ್ಕೆ ಬೆಳಕು ಪುಟಿಸುವ ಹಲಗೆಯ, ಅಂದರೆ ರಿಫ್ಲೆಕ್ಟರಿನ ಪಾಠ ಪೂರ್ತಿ ಇಷ್ಟರಲ್ಲೇ ಇದೆ.

ಫ್ಲ್ಯಾಶ್ ಬೆಳಕಿನ ಪ್ರಮಾಣವನ್ನು ಶಟರ್ ವೇಗ ಬದಲಿಸುವುದಿಲ್ಲ; ಫ್ಲ್ಯಾಶ್ ಮಿಂಚಿ ಮುಗಿದ ಮೇಲೂ ಶಟರ್ ತೆರೆದೇ ಇರುತ್ತದೆ. ಬದಲಿಸುವುದು ಅಪರ್ಚರ್, ಐಎಸ್‌ಒ, ದೀಪದ ಪವರ್, ದೀಪದ ದೂರ, ಮುಂದೆ ಹಾಕಿದ ಬಟ್ಟೆ ಅಥವಾ ಬಟ್ಟಲು. ಪವರ್ 1/1ರಿಂದ 1/2ಕ್ಕೆ, ಅಲ್ಲಿಂದ 1/4ಕ್ಕೆ ಇಳಿದಂತೆ ಪ್ರತಿ ಸಲ ಒಂದು ಸ್ಟಾಪ್ ಕಡಿಮೆ, ಅಂದರೆ ಬೆಳಕು ಅರ್ಧ. ಈ ಡಯಲ್ ಕೈಗೆ ಸಿಗುವ ಜಾಗದಲ್ಲಿದೆ, ತಿರುಗಿಸಿದ ಕೂಡಲೇ ಪರಿಣಾಮ ಕಾಣುತ್ತದೆ. ಅದಕ್ಕೇ ಹೊಸಬರ ಕೈ ಮೊದಲು ಅಲ್ಲಿಗೇ ಹೋಗುವುದು. ತರಗತಿಯಲ್ಲಿ ಹೆಚ್ಚು ಸಲ ಕೇಳಿಬರುವ ಮಾತೂ ಅದಕ್ಕೆ ಸಂಬಂಧಿಸಿದ್ದೇ: "ಪವರ್ ಬಿಡಿ, ಸ್ಟ್ಯಾಂಡ್ ಎತ್ತಿಕೊಂಡು ಬನ್ನಿ." ಕಾರಣ, ಪವರ್ ಬದಲಿಸಿದರೆ ಬಹುಮಟ್ಟಿಗೆ ಬೆಳಕಿನ ಪ್ರಮಾಣ ಒಂದು ಮಾತ್ರ ಬದಲಾಗುತ್ತದೆ. ದೂರ ಬದಲಿಸಿದರೆ ನಾಲ್ಕು ಸಂಗತಿಗಳು ಒಟ್ಟಿಗೆ ಬದಲಾಗುತ್ತವೆ.

ಮೊದಲನೆಯದು ಪ್ರಮಾಣವೇ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಂಶ. 1 ಮೀಟರ್‌ನಲ್ಲಿ ಲೈಟ್ ಮೀಟರ್ (ಬೆಳಕು ಅಳೆಯುವ ಉಪಕರಣ) ಎಫ್/8 ತೋರಿಸಿದರೆ 1.4 ಮೀಟರ್‌ನಲ್ಲಿ ಎಫ್/5.6, 2 ಮೀಟರ್‌ನಲ್ಲಿ ಎಫ್/4, 2.8ರಲ್ಲಿ ಎಫ್/2.8, 4 ಮೀಟರ್‌ನಲ್ಲಿ ಎಫ್/2. ದೂರದ ಅಂಕಿಗಳೂ ಅಪರ್ಚರ್ ಅಂಕಿಗಳ ಸರಣಿಯಲ್ಲೇ ಏರುವುದರಿಂದ ನೆನಪಿಡುವುದು ಕಷ್ಟವಲ್ಲ. ಅಳತೆ ಟೇಪು ಹಿಡಿದು ಇದನ್ನು ಒಮ್ಮೆ ಪರೀಕ್ಷಿಸಲೇಬೇಕು. ದೊಡ್ಡ ಸಾಫ್ಟ್‌ಬಾಕ್ಸನ್ನು ಅದರ ಸ್ವಂತ ಅಗಲಕ್ಕಿಂತ ಹತ್ತಿರ ತಂದಾಗ ಲೆಕ್ಕ ತಪ್ಪುತ್ತದೆ, ಬೆಳಕು ಸೂತ್ರ ಹೇಳಿದಷ್ಟು ಬೇಗ ಇಳಿಯುವುದಿಲ್ಲ. ಆ ಸೂತ್ರ ಇರುವುದು ಚುಕ್ಕಿಯಂಥ ಸಣ್ಣ ಮೂಲಕ್ಕೆ. ಬೆಳಕನ್ನು ಕಿರಣವಾಗಿ ಕೂಡಿಸುವ ಆಳದ ಪ್ಯಾರಬಾಲಿಕ್ ರಿಫ್ಲೆಕ್ಟರ್‌ಗೂ ಇದು ಹಾಗೇ ಹೊಂದುವುದಿಲ್ಲ.

ಎರಡನೆಯದು ಹಿನ್ನೆಲೆಯ ಗಾಢತೆ, ಮತ್ತು ಇದನ್ನು ಕಣ್ಣಾರೆ ಕಂಡಾಗ ತರಗತಿಯಲ್ಲಿ ಗದ್ದಲ ಏಳುವುದು ಖಂಡಿತ. ಹಿನ್ನೆಲೆಗೆ ಬೂದು ಬಣ್ಣದ ಕಾಗದ, ಅದರಿಂದ 2 ಮೀಟರ್ ಮುಂದೆ ಕೂತ ವ್ಯಕ್ತಿ, ಅವರಿಂದ 1 ಮೀಟರ್ ಮುಂದೆ ದೀಪ. ದೀಪದಿಂದ ಹಿನ್ನೆಲೆಗೆ 3 ಮೀಟರ್, ಅಂದರೆ ಮುಖಕ್ಕೆ ಬಿದ್ದ ಬೆಳಕಿನ ಒಂಬತ್ತನೇ ಒಂದಂಶ, ಮೂರು ಸ್ಟಾಪ್‌ಗಿಂತ ತುಸು ಹೆಚ್ಚಿನ ಇಳಿಕೆ. ಬೂದು ಕಾಗದ ಬಹುತೇಕ ಕಪ್ಪಾಗಿ ಕಾಣುತ್ತದೆ. ಈಗ ದೀಪವನ್ನು ಮುಖದಿಂದ 3 ಮೀಟರ್‌ಗೆ ಒಯ್ಯಿರಿ. ಹಿನ್ನೆಲೆಗೆ 5 ಮೀಟರ್ ಆಯಿತು. ಮುಖದ ಎಕ್ಸ್‌ಪೋಷರ್ ಮೊದಲಿನಂತೆಯೇ ಇರಲು ಪವರ್ ಮೂರು ಸ್ಟಾಪ್‌ಗಿಂತ ತುಸು ಹೆಚ್ಚು ಏರಿಸಬೇಕು, 1/16ರಲ್ಲಿದ್ದರೆ 1/2ಕ್ಕೂ ಸ್ವಲ್ಪ ಮೇಲೆ. ಈ ಸಲ ಹಿನ್ನೆಲೆಗೆ ಕಡಿಮೆಯಾದದ್ದು ಒಂದೂವರೆ ಸ್ಟಾಪ್ ಮಾತ್ರ. ಅದೇ ಕಾಗದ, ಅದೇ ದೀಪ, ಮುಖವೂ ಅಷ್ಟೇ ಬೆಳಗಿದೆ, ಆದರೆ ಹಿಂದೆ ಈಗ ಬೂದು ಬಣ್ಣ ಕಾಣುತ್ತಿದೆ. ಕಪ್ಪು, ಬೂದು, ಬಿಳಿ ಎಂದು ಮೂರು ಬೇರೆ ಕಾಗದದ ಸುರುಳಿ ಇಟ್ಟುಕೊಳ್ಳುವ ಅಗತ್ಯ ಎಷ್ಟೋ ಸಲ ಇರುವುದಿಲ್ಲ.

ಗುಂಪಿನ ಚಿತ್ರಕ್ಕೂ ಇದೇ ಲೆಕ್ಕ. ಮುಂದಿನ ಸಾಲು ದೀಪದಿಂದ 2 ಮೀಟರ್, ಹಿಂದಿನ ಸಾಲು 3 ಮೀಟರ್ ಇದ್ದರೆ ಹಿಂದಿನವರು ಒಂದು ಸ್ಟಾಪ್‌ಗಿಂತ ಹೆಚ್ಚು ಕಪ್ಪಗಾಗುತ್ತಾರೆ. ದೀಪವನ್ನು 4 ಮೀಟರ್‌ಗೆ ಹಿಂದೆ ಸರಿಸಿದರೆ ವ್ಯತ್ಯಾಸ ಸುಮಾರು ಮೂರನೇ ಎರಡು ಸ್ಟಾಪ್‌ಗೆ ಇಳಿಯುತ್ತದೆ. ಮೇಲಕ್ಕೆತ್ತಿ ಹಿಂದಿನ ಸಾಲಿನ ಕಡೆಗೇ ಗುರಿಯಿಟ್ಟರೆ ಇನ್ನೂ ಸಮನಾಗುತ್ತದೆ, ಏಕೆಂದರೆ ಮುಂದಿನವರಿಗೆ ಸಿಗುವುದು ಅಂಚಿನ ಮಂಕು ಬೆಳಕು.

ಮೂರನೆಯದು ನೆರಳಿನ ಅಂಚು. ಸಾಫ್ಟ್‌ಬಾಕ್ಸ್ ಎಂದರೆ ಮೃದು ಬೆಳಕು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಮೃದುತ್ವ ಬರುವುದು ಮುಖದ ಜಾಗದಲ್ಲಿ ನಿಂತು ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ. 60x90 ಸೆಂ.ಮೀ. ಪೆಟ್ಟಿಗೆ 1 ಮೀಟರ್‌ನಲ್ಲಿ ಮೃದು. 3 ಮೀಟರ್‌ನಲ್ಲಿ ಅದು 20x30 ಸೆಂ.ಮೀ.ನ ದೀಪವನ್ನು 1 ಮೀಟರ್‌ನಲ್ಲಿ ಇಟ್ಟಷ್ಟೇ, ಮೂಗಿನ ನೆರಳು ಚಾಕುವಿನಲ್ಲಿ ಕತ್ತರಿಸಿದಂತೆ ಬೀಳುತ್ತದೆ. ಪೆಟ್ಟಿಗೆಯ ಕರ್ಣದಷ್ಟು ದೂರದಿಂದ ಶುರುಮಾಡಿ ಎಂಬ ಅಂದಾಜು ಕೆಲಸಕ್ಕೆ ಬರುತ್ತದೆ; 60x90ಕ್ಕೆ ಅದು ಸುಮಾರು 108 ಸೆಂ.ಮೀ. ಹತ್ತಿರ ತಂದಷ್ಟೂ ಒಳ್ಳೆಯದು ಎಂದೇನಿಲ್ಲ. ಪಕ್ಕದಿಂದ ಬರುವ ದೀಪ ಹತ್ತಿರದ ಕಿವಿಗೆ 50 ಸೆಂ.ಮೀ., ಇನ್ನೊಂದು ಕಿವಿಗೆ 65 ಸೆಂ.ಮೀ. ಆದಾಗ ಎರಡು ಬದಿಗಳ ನಡುವೆ ಮುಕ್ಕಾಲು ಸ್ಟಾಪಿನವರೆಗೂ ವ್ಯತ್ಯಾಸ ಬರಬಹುದು. 2 ಮೀಟರ್‌ನಿಂದ ಬಂದರೆ ಅದು ಐದನೇ ಒಂದು ಸ್ಟಾಪ್. ಮೃದು ಅಂಚು, ಆದರೆ ಬೇಗ ಇಳಿಯುವ ಬೆಳಕು: ಹತ್ತಿರದ ದೊಡ್ಡ ದೀಪದ ಗುಣ ಇದು. ಇವೆರಡನ್ನೂ ಒಂದೇ ಎಂದು ಕಲಸಿಕೊಂಡವರು ಮುಂದಿನ ಪಾಠಗಳಲ್ಲಿ ತಡವರಿಸುತ್ತಾರೆ.

ನಾಲ್ಕನೆಯದು ಚರ್ಮದ ಜಿಡ್ಡಿನ ಹೊಳಪು. ಹಣೆಯ ಮೇಲಿನ ಬಿಳಿ ಮಚ್ಚೆ ದೀಪದ್ದೇ ಪ್ರತಿಬಿಂಬ. ಕನ್ನಡಿಯಲ್ಲಿ ಕಾಣುವ ದೀಪದಂತೆ ಅದರ ಪ್ರಖರತೆ ದೂರಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಚರ್ಮದ ಉಳಿದ ಭಾಗದ ಬೆಳಕು ಮಾತ್ರ ದೀಪ ಹತ್ತಿರ ಬಂದಷ್ಟೂ ಏರುತ್ತದೆ. ಹಾಗಾಗಿ ಸಾಫ್ಟ್‌ಬಾಕ್ಸ್ ಹತ್ತಿರ ತಂದು ಪವರ್ ಇಳಿಸಿದರೆ ಚರ್ಮ ಅಷ್ಟೇ ಬೆಳಗಿದ್ದು ಮಚ್ಚೆ ಮಾತ್ರ ಮಂಕಾಗಿ, ಅಗಲವಾಗಿ ಹರಡುತ್ತದೆ. ಹಣೆ ಮಿಂಚುತ್ತಿದೆ ಎಂದು ಪವರ್ ಒಂದನ್ನೇ ಇಳಿಸುತ್ತ ಹೋದವರಿಗೆ ಮುಖ ಕಪ್ಪಾಗುತ್ತದೆಯೇ ಹೊರತು ಮಿಂಚು ಹೋಗುವುದಿಲ್ಲ. ಪೌಡರ್ ಹಚ್ಚುವುದೂ ತಪ್ಪಲ್ಲ, ಅದಕ್ಕೆ ಮೊದಲು ಸ್ಟ್ಯಾಂಡ್ ಸರಿಸಿ ನೋಡಿ.

ಮುಖದ ಪಾಠಕ್ಕೆ ಬಂದರೆ, ಮಾಡೆಲಿಂಗ್ ಲ್ಯಾಂಪ್ ಹತ್ತಿಸಿ, ಕೋಣೆಯ ದೀಪ ಆರಿಸಿ, ಒಬ್ಬರು ಸ್ಟ್ಯಾಂಡ್ ಹಿಡಿದು ಕೂತವರ ಸುತ್ತ ನಿಧಾನವಾಗಿ ನಡೆಯುತ್ತಾರೆ. ಉಳಿದವರು ಕ್ಯಾಮೆರಾದ ಜಾಗದಿಂದ ಮೂಗಿನ ನೆರಳನ್ನೇ ನೋಡುತ್ತಾರೆ. ದೀಪ ಕ್ಯಾಮೆರಾದ ನೇರಕ್ಕೆ ಮೇಲಿದ್ದಾಗ ಮೂಗಿನ ಕೆಳಗೆ ಚಿಟ್ಟೆಯಾಕಾರದ ನೆರಳು, ಅದಕ್ಕೇ ಬಟರ್‌ಫ್ಲೈ ಎಂಬ ಹೆಸರು. ನೆರಳು ತುಟಿಗೆ ತಾಗಿದರೆ ದೀಪ ಅತಿ ಎತ್ತರದಲ್ಲಿದೆ ಎಂದರ್ಥ. 30ರಿಂದ 45 ಡಿಗ್ರಿ ಪಕ್ಕಕ್ಕೆ ಸರಿದರೆ ನೆರಳು ಸಣ್ಣ ಕುಣಿಕೆಯಾಗಿ ಕೆನ್ನೆಯತ್ತ ಬಾಗುತ್ತದೆ, ಇದು ಲೂಪ್. ಇನ್ನೂ ಸರಿದು ಮೂಗಿನ ನೆರಳು ಕೆನ್ನೆಯ ನೆರಳನ್ನು ಕೂಡಿಕೊಂಡಾಗ ಕತ್ತಲ ಬದಿಯ ಕಣ್ಣಿನ ಕೆಳಗೆ ಬೆಳಕಿನ ತ್ರಿಕೋನವೊಂದು ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರು ಇದಕ್ಕೆ. ತ್ರಿಕೋನ ಕಣ್ಣಿಗಿಂತ ಅಗಲ, ಮೂಗಿಗಿಂತ ಉದ್ದ ಇರಬಾರದು. ಆ ಕಣ್ಣಿನೊಳಗೂ ಬೆಳಕಿನ ಚುಕ್ಕಿ ಇರಲೇಬೇಕು. 90 ಡಿಗ್ರಿಗೆ ಬಂದಾಗ ಮುಖ ಎರಡು ಹೋಳು, ಸ್ಪ್ಲಿಟ್.

ಈ ಕೋನಗಳನ್ನು ಕ್ಯಾಮೆರಾದಿಂದ ಅಳೆದರೆ ಕೆಲಸ ಕೆಡುತ್ತದೆ. ಅಳೆಯಬೇಕಾದದ್ದು ಕೂತವರ ಮೂಗು ಯಾವ ಕಡೆಗಿದೆಯೋ ಅಲ್ಲಿಂದ. ಅವರು ಕತ್ತು ತಿರುಗಿಸಿದ ಕ್ಷಣ ಲೂಪ್ ಹೋಗಿ ಸ್ಪ್ಲಿಟ್ ಆಗಿರುತ್ತದೆ, ದೀಪ ಮಾತ್ರ ಇದ್ದಲ್ಲೇ ಇದೆ. ಇದರಿಂದಲೇ ಇನ್ನೊಂದು ಆಯ್ಕೆ ಹುಟ್ಟುತ್ತದೆ. ಕ್ಯಾಮೆರಾಗೆ ಕಡಿಮೆ ಕಾಣುವ ಕೆನ್ನೆಯ ಕಡೆಯಿಂದ ಬೆಳಕು ಬಂದರೆ ಶಾರ್ಟ್ ಲೈಟಿಂಗ್, ಮುಖ ಸಣ್ಣಗೆ ಕಾಣುತ್ತದೆ. ಕ್ಯಾಮೆರಾ ಕಡೆಯ ಅಗಲ ಕೆನ್ನೆಗೆ ಬಿದ್ದರೆ ಬ್ರಾಡ್ ಲೈಟಿಂಗ್, ಮುಖ ತುಂಬಿಕೊಂಡಂತೆ ಕಾಣುತ್ತದೆ. ಎತ್ತರಕ್ಕೆ ಒಂದೇ ಸೂತ್ರ ಸಾಲದು. ಕಣ್ಣು ಒಳಗೆ ಹೂತಿರುವವರಿಗೆ 45 ಡಿಗ್ರಿ ಮೇಲಿನ ದೀಪ ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ ಮಾಡುತ್ತದೆ. ಕಣ್ಣಿನ ಚುಕ್ಕಿ ಗಡಿಯಾರದ ಹತ್ತು ಅಥವಾ ಎರಡರ ಜಾಗದಲ್ಲಿ ಕಾಣುವವರೆಗೆ ದೀಪ ಇಳಿಸಬೇಕು. ಕನ್ನಡಕದವರಿಗೆ ಇದಕ್ಕೆ ವಿರುದ್ಧ: ಗಾಜಿನಲ್ಲಿ ದೀಪ ಕಂಡರೆ ಎತ್ತರಿಸಿ, ಪಕ್ಕಕ್ಕೆ ಸರಿಸಿ. ಅಷ್ಟೂ ಸಾಲದಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಚೂರು ಎತ್ತಿ ಕೂರಿಸಿ, ಗಾಜು ಕೆಳಕ್ಕೆ ವಾಲಿ ಪ್ರತಿಬಿಂಬ ನೆಲದತ್ತ ಹೋಗುತ್ತದೆ.

ಎರಡನೆಯ ದೀಪಕ್ಕೆ ಮೊದಲು ಹಲಗೆ. ಬಿಳಿ ಥರ್ಮಾಕೋಲ್ ಹಲಗೆಯನ್ನು ನೆರಳಿನ ಬದಿಗೆ 50 ಸೆಂ.ಮೀ. ಹತ್ತಿರ ಹಿಡಿದರೆ ನೆರಳು ಎಷ್ಟು ಏಳುತ್ತದೆಂದು ನೋಡಿ, ಆಮೇಲೆ ಅದೇ ಜಾಗದಲ್ಲಿ ಕರಿ ಹಲಗೆ ಹಿಡಿಯಿರಿ. ಬಿಳಿ ಗೋಡೆಯ ಸಣ್ಣ ಕೋಣೆಯಲ್ಲಿ ಕರಿ ಹಲಗೆಯೇ ಹೆಚ್ಚು ಉಪಯೋಗಿ. ಅಲ್ಲಿ ಬೆಳಕು ನಾಲ್ಕೂ ಕಡೆಯಿಂದ ಪುಟಿದು, ನಾವು ಹಾಕದ ಫಿಲ್ (ನೆರಳು ತುಂಬುವ ಬೆಳಕು) ತಾನಾಗಿ ಬಂದಿರುತ್ತದೆ. ಕೆನ್ನೆಯ ರೇಖೆ ಸಿಗಬೇಕೆಂದರೆ ಅದನ್ನು ತಡೆಯಬೇಕು. ಬೆಳ್ಳಿಯ ಬದಿಯ ರಿಫ್ಲೆಕ್ಟರ್ ಗಡುಸು, ಚಿನ್ನದ ಬದಿ ಸ್ಟುಡಿಯೋದಲ್ಲಿ ಬೇಡವೇ ಬೇಡ, ಮುಖದ ಅರ್ಧಕ್ಕೆ ಅರಿಶಿನ ಬಳಿದಂತಾಗುತ್ತದೆ.

ಫಿಲ್‌ಗೆ ಎರಡನೆಯ ದೀಪವನ್ನೇ ಇಡುವುದಾದರೆ ಅದರ ಜಾಗ ಕ್ಯಾಮೆರಾದ ಆಸುಪಾಸು. ಕೀ ಲೈಟ್ (ಮುಖ್ಯ ದೀಪ) ಎಡಕ್ಕೆ, ಫಿಲ್ ಬಲಕ್ಕೆ ಎಂದು ಸಮವಾಗಿ ಇಟ್ಟವರಿಗೆ ಮೂಗಿನ ಎರಡೂ ಕಡೆ ನೆರಳು ಬೀಳುತ್ತದೆ. ಅಳೆಯುವಾಗ ಒಂದೊಂದೇ ದೀಪ ಉರಿಸಿ. ಲೈಟ್ ಮೀಟರ್‌ನ ಬಿಳಿ ಗುಮ್ಮಟವನ್ನು ಗಲ್ಲದ ಕೆಳಗೆ ಹಿಡಿದು, ಪ್ರತಿ ದೀಪದ ಪಾಲು ತಿಳಿಯಲು ಆ ದೀಪದ ಕಡೆಗೆ ತಿರುಗಿಸಿ. ಕೊನೆಗೆ ಎಲ್ಲ ದೀಪ ಉರಿಸಿ ಗುಮ್ಮಟ ಕ್ಯಾಮೆರಾ ಕಡೆಗಿಟ್ಟು ಒಟ್ಟು ಎಕ್ಸ್‌ಪೋಷರ್ ತೆಗೆದುಕೊಳ್ಳಿ. ಕೀ ಎಫ್/8, ಫಿಲ್ ಎಫ್/4 ಬಂದರೆ ಎರಡು ಸ್ಟಾಪ್ ಅಂತರ. ಫಿಲ್ ಬೆಳಕು ಬೆಳಗಿದ ಬದಿಗೂ ಬೀಳುವುದರಿಂದ ಮುಖದ ಮೇಲಿನ ನಿಜವಾದ ಅನುಪಾತ 5:1. ಮೃದುವಾದ ಭಾವಚಿತ್ರಕ್ಕೆ ಒಂದು ಸ್ಟಾಪ್ ಅಂತರವೇ ಸಾಕು, ಆಗ ಅನುಪಾತ 3:1. ಮೀಟರ್ ಇಲ್ಲದವರು ಹಿಸ್ಟೊಗ್ರಾಮ್ (ಚಿತ್ರದಲ್ಲಿ ಬೆಳಕು, ಕತ್ತಲೆ ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ ಕೆಲಸ ಮಾಡಬಹುದು, ಕ್ಯಾಮೆರಾ ಪರದೆಯನ್ನು ನಂಬಿ ಮಾತ್ರ ಮಾಡಬಾರದು. ಕತ್ತಲ ಕೋಣೆಯಲ್ಲಿ ಆ ಪರದೆ ಎಂಥ ಮಂಕು ಚಿತ್ರವನ್ನೂ ಬೆಳಗಿಸಿ ತೋರಿಸುತ್ತದೆ. ವಸ್ತುವಿನಿಂದ ಪುಟಿದ ಬೆಳಕನ್ನು ಅಳೆಯುವ ಮೀಟರ್ ಎದುರಿಗಿರುವುದೆಲ್ಲ ಮಧ್ಯಮ ಬೂದು ಎಂದುಕೊಂಡೇ ಲೆಕ್ಕ ಹಾಕುತ್ತದೆ. ಹಾಗಾಗಿ ಕಪ್ಪು ಚರ್ಮ ಅನಗತ್ಯವಾಗಿ ಬಿಳಿಚುತ್ತದೆ, ಬಿಳಿ ಅಂಗಿ ಕೊಳೆಯಾದಂತೆ ಬೂದಾಗುತ್ತದೆ. ಗುಮ್ಮಟದ ಮೀಟರಿಗೆ ಈ ಗೊಂದಲವಿಲ್ಲ, ಅದು ಅಳೆಯುವುದು ಬೀಳುವ ಬೆಳಕನ್ನು.

ಕೂದಲಿನ ದೀಪ ಹಿಂದಿನಿಂದ, ಮೇಲಿನಿಂದ. ಉದ್ದ, ಕಿರಿದಾದ ಸಾಫ್ಟ್‌ಬಾಕ್ಸ್ ಆದ ಸ್ಟ್ರಿಪ್ ಬಾಕ್ಸ್‌ಗೆ ಜೇನುಗೂಡಿನ ಗ್ರಿಡ್ ಹಾಕಿದರೆ ಬೆಳಕು ಕೂದಲಿಗೆ ಮಾತ್ರ ಸಿಗುತ್ತದೆ. ಕರಿ ಕೂದಲು ಬೆಳಕು ನುಂಗುವುದರಿಂದ ಕೀಯಷ್ಟೇ ಅಥವಾ ಒಂದು ಸ್ಟಾಪ್ ಹೆಚ್ಚು ಕೇಳುತ್ತದೆ. ನರೆತ ಕೂದಲಿಗೂ ಬೋಳು ತಲೆಗೂ ಒಂದು ಸ್ಟಾಪ್ ಕಡಿಮೆಯೇ ಸಾಕು. ಓರೆಯಾಗಿ ತಾಗುವ ಬೆಳಕು ಮೀಟರ್ ಹೇಳಿದ್ದಕ್ಕಿಂತ ಪ್ರಖರವಾಗಿ ಕಾಣುತ್ತದೆ, ಅಂಕಿಗಿಂತ ಚಿತ್ರವನ್ನೇ ನಂಬಿ. ಈ ದೀಪ ಮೂಗಿನ ತುದಿಗೆ ತಾಗಿ ಅಲ್ಲೊಂದು ಬಿಳಿ ಚುಕ್ಕಿ ಬಿದ್ದರೆ ಅದನ್ನು ಇನ್ನೂ ಹಿಂದಕ್ಕೆ ಸರಿಸಿ. ಚಿತ್ರವೆಲ್ಲ ಹಾಲು ಸುರಿದಂತೆ ಮಸುಕಾದರೆ ದೀಪ ನೇರ ಲೆನ್ಸಿಗೆ ಹೊಡೆಯುತ್ತಿದೆ. ನಡುವೆ ಒಂದು ಕರಿ ಹಲಗೆ ನಿಲ್ಲಿಸಿ.

ಅಚ್ಚ ಬಿಳಿ ಹಿನ್ನೆಲೆಗೆ ಎರಡು ದೀಪ ಬೇಕು, ಪ್ರತಿಯೊಂದೂ ತನ್ನಿಂದ ದೂರದ ಅಂಚಿನ ಕಡೆಗೆ ಗುರಿ. ವ್ಯಕ್ತಿ ಕಾಗದದಿಂದ ಕನಿಷ್ಠ 2 ಮೀಟರ್ ಮುಂದೆ. ಕೀ ಎಫ್/8 ಆದರೆ ಹಿನ್ನೆಲೆಯ ಮೇಲೆ ಎಫ್/11, ಅಂದರೆ ಒಂದೇ ಒಂದು ಸ್ಟಾಪ್ ಹೆಚ್ಚು. ನಾಲ್ಕು ಮೂಲೆ ಮತ್ತು ನಡುವೆ ಅಳೆದಾಗ ಮೂರನೇ ಒಂದು ಸ್ಟಾಪ್‌ಗಿಂತ ಹೆಚ್ಚು ಏರುಪೇರು ಇರಬಾರದು. ಬಿಳಿ ಸಾಲದು ಎಂದು ಎರಡು ಮೂರು ಸ್ಟಾಪ್ ಏರಿಸಿದರೆ ಹಿನ್ನೆಲೆಯೇ ದೊಡ್ಡ ದೀಪವಾಗಿ ಮುಂದಕ್ಕೆ ಹರಿದು, ಕೂದಲಿನ ಎಳೆಗಳನ್ನೂ ಕಿವಿಯ ಅಂಚನ್ನೂ ತಿಂದುಹಾಕುತ್ತದೆ.

ಗಾಜು ಮತ್ತು ಲೋಹದ ಪಾಠದಲ್ಲಿ ಇದುವರೆಗಿನ ಅಭ್ಯಾಸ ಅರ್ಧ ಮರೆಯಬೇಕಾಗುತ್ತದೆ. ಹೊಳೆಯುವ ವಸ್ತುವಿನ ಮೇಲೆ ಬೆಳಕು ಹಾಕಿ ಪ್ರಯೋಜನವಿಲ್ಲ. ಅದರಲ್ಲಿ ಏನು ಪ್ರತಿಬಿಂಬಿಸಬೇಕು ಎಂಬುದನ್ನು ಜೋಡಿಸಬೇಕು. ಮೊದಲು ಕ್ಯಾಮೆರಾ ಸ್ಥಿರ, ಏಕೆಂದರೆ ಅದು ಅಂಗುಲ ಸರಿದರೂ ಪ್ರತಿಬಿಂಬದ ಕೋನಗಳೆಲ್ಲ ಬದಲು. ಗಾಜಿನ ಸೀಸೆಗೆ ಎರಡು ವಿಧಾನ. ಹಿಂದಿನ ಬಿಳಿ ಹಿನ್ನೆಲೆಯನ್ನು ಚೌಕಟ್ಟು ತುಂಬುವಷ್ಟು ಮಾತ್ರ ಬೆಳಗಿಸಿ ಸುತ್ತ ಕತ್ತಲೆ ಬಿಟ್ಟರೆ ಸೀಸೆಯ ಅಂಚಿಗೆ ಕಪ್ಪು ಗೆರೆ ಬರುತ್ತದೆ. ಗೆರೆ ತೆಳುವಾದರೆ ಎರಡೂ ಪಕ್ಕಕ್ಕೆ ಕರಿ ಕಾರ್ಡ್ ತನ್ನಿ. ಇದಕ್ಕೆ ತದ್ವಿರುದ್ಧ, ಚೌಕಟ್ಟು ತುಂಬುವಷ್ಟು ಕರಿ ಹಲಗೆ ಹಿಂದಿಟ್ಟು, ಅದರ ಹಿಂದೆ ಅದಕ್ಕಿಂತ ದೊಡ್ಡ ಸಾಫ್ಟ್‌ಬಾಕ್ಸ್ ಇಟ್ಟರೆ ಕಪ್ಪಿನ ಮೇಲೆ ಬಿಳಿ ಗೆರೆ. ಎರಡರಲ್ಲೂ ಮುಂದಿನಿಂದ ದೀಪ ಬೇಡ. ಗಾಜಿನ ಮೇಲಿನ ಬೆರಳ ಗುರುತು, ಧೂಳು ಎರಡನೆಯ ವಿಧಾನದಲ್ಲಿ ನಕ್ಷತ್ರದಂತೆ ಎದ್ದು ಕಾಣುವುದರಿಂದ ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಗಾಜು, ನೀರು, ವಾರ್ನಿಶ್‌ಗಳ ಹೊಳಪನ್ನು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಗ್ಗಿಸುತ್ತದೆ, ಬರಿಯ ಲೋಹದ ಮುಂದೆ ಅದರ ಆಟ ನಡೆಯುವುದಿಲ್ಲ.

ಬಣ್ಣದ ವಿಷಯ ಚಿಕ್ಕದು, ಬಿಟ್ಟರೆ ಕಾಟ ದೊಡ್ಡದು. ಫ್ಲ್ಯಾಶ್ ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್ (ಅಂಕಿ ಇಳಿದಷ್ಟೂ ಹಳದಿ). ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್, ಕೂತವರು ಬಟ್ಟೆ ಬದಲಿಸಿದಾಗಲೆಲ್ಲ ಚರ್ಮದ ಬಣ್ಣವನ್ನೂ ಬದಲಿಸುವುದರಿಂದ, ಎಲ್ಲ ದೀಪ ಹೊಂದಿಸಿದ ಮೇಲೆ ಗ್ರೇ ಕಾರ್ಡ್ ಹಿಡಿಸಿ ಒಂದು ಫ್ರೇಮ್ ತೆಗೆದು ಅದಕ್ಕೇ ಬೀಗ ಹಾಕಿ. ಹಳೆಯ ಕೊಡೆಯ ಬಟ್ಟೆ ಹಳದಿಗೆ ತಿರುಗಿರುತ್ತದೆ. ಹೊಸ ಸಾಫ್ಟ್‌ಬಾಕ್ಸ್ ಜತೆ ಅದನ್ನು ಬಳಸಿದರೆ ಎರಡು ಕೆನ್ನೆಗೆ ಎರಡು ಬಣ್ಣ. ಪೂರ್ಣ ಸಿಟಿಒ ಜೆಲ್ (ದೀಪದ ಮುಂದೆ ಹಾಕುವ ಕಿತ್ತಳೆ ಬಣ್ಣದ ಹಾಳೆ) ಫ್ಲ್ಯಾಶನ್ನು ಸುಮಾರು 3200 ಕೆಲ್ವಿನ್‌ಗೆ ಇಳಿಸುತ್ತದೆ, ಮೂರನೇ ಎರಡು ಸ್ಟಾಪ್ ಬೆಳಕನ್ನೂ ತೆಗೆದುಕೊಳ್ಳುತ್ತದೆ.

ಚಲನೆಯನ್ನು ಹಿಡಿಯುವುದು ಶಟರ್ ಅಲ್ಲವಾದ್ದರಿಂದ, ಹಾರುವ ಕೂದಲು ಅಥವಾ ಚಿಮ್ಮುವ ನೀರು ಮಸುಕಾದರೆ ನೋಡಬೇಕಾದದ್ದು ಫ್ಲ್ಯಾಶ್ ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು. ತಯಾರಕರು ಟಿ0.5 (ಮಿಂಚು ತನ್ನ ಗರಿಷ್ಠದ ಅರ್ಧಕ್ಕಿಂತ ಮೇಲಿರುವ ಅವಧಿ) ಎಂದು ಬರೆಯುವ ಅಂಕಿ ಆಕರ್ಷಕವಾಗಿರುತ್ತದೆ; ಚಲನೆಗೆ ಲೆಕ್ಕಕ್ಕೆ ಬರುವ ಟಿ0.1 (ಗರಿಷ್ಠದ ಹತ್ತನೇ ಒಂದಂಶಕ್ಕಿಂತ ಮೇಲಿರುವ ಅವಧಿ) ಸಾಮಾನ್ಯವಾಗಿ ಅದರ ಮೂರು ಪಟ್ಟು ಉದ್ದ, 1/1000 ಎಂದಿದ್ದರೆ ಸುಮಾರು 1/330. ಐಜಿಬಿಟಿ (ಮಿಂಚನ್ನು ನಡುವೆಯೇ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಇರುವ ಹೆಡ್‌ಗಳಲ್ಲಿ ಪವರ್ ಇಳಿಸಿದಷ್ಟೂ ಮಿಂಚು ಚುಟುಕಾಗುತ್ತದೆ, ಬಣ್ಣ ತುಸು ನೀಲಿಗೆ ಜಾರುತ್ತದೆ. ವೋಲ್ಟೇಜ್‌ನಿಂದ ಪವರ್ ಬದಲಿಸುವ ಹಳೆಯ ಹೆಡ್‌ಗಳಲ್ಲಿ ಇದು ಉಲ್ಟಾ, ಇಳಿಸಿದಷ್ಟೂ ಮಿಂಚು ಉದ್ದ.

ನಾಲ್ಕು ದೀಪದ ಸೆಟ್ ಕಟ್ಟುವಾಗ ಏನೋ ಸರಿಯಿಲ್ಲ ಎನಿಸಿದರೆ ಐದನೆಯದನ್ನು ಸೇರಿಸುವ ಬದಲು ಎಲ್ಲ ಆರಿಸಿ, ಕೀ ಒಂದನ್ನೇ ಹತ್ತಿಸಿ, ಅದು ತಾನೊಂದೇ ನಿಲ್ಲುತ್ತದೆಯೇ ನೋಡಿ. ಬಳಿಕ ಒಂದೊಂದಾಗಿ ಸೇರಿಸಿ. ನಡುನಡುವೆ ಕೆಲವು ಫ್ರೇಮ್ ಮಾತ್ರ ಕಪ್ಪಾಗುತ್ತಿದ್ದರೆ ದೀಪ ಮತ್ತೆ ತುಂಬಿಕೊಳ್ಳುವ ಮೊದಲೇ ಒತ್ತುತ್ತಿದ್ದೀರಿ. ಬೀಪ್ ಶಬ್ದ ಆನ್ ಮಾಡಿಕೊಂಡು ಕಾಯಿರಿ. ಪವರ್ ಇಳಿಸಿದ ಮೇಲಿನ ಮೊದಲ ಫ್ರೇಮ್ ಮಾತ್ರ ಬೆಳ್ಳಗೆ ಸುಟ್ಟರೆ ಕೆಪಾಸಿಟರ್‌ನಲ್ಲಿ ಹಳೆಯ ಚಾರ್ಜ್ ಉಳಿದಿದೆ, ಟೆಸ್ಟ್ ಗುಂಡಿ ಒಮ್ಮೆ ಒತ್ತಿ. ಫ್ಲ್ಯಾಶ್ ಕಣ್ಣಿಗೆ ಕಂಡು ಚಿತ್ರಕ್ಕೆ ಬರದಿದ್ದರೆ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಟಿಟಿಎಲ್‌ನಲ್ಲಿದ್ದು (ಬೆಳಕನ್ನು ಕ್ಯಾಮೆರಾ ತಾನೇ ಅಳೆದು ಹೊಂದಿಸುವ ಕ್ರಮ), ಅದರ ಮುನ್ಮಿಂಚಿಗೇ ಸ್ಲೇವ್ ಉರಿದು ಮುಗಿದಿದೆ, ಮ್ಯಾನುವಲ್‌ಗೆ ಹಾಕಿ. ಹೊಂದಿದ ಸೆಟ್‌ನ ದೂರ, ಎತ್ತರ, ಪವರ್ ಮೂರನ್ನೂ ಟೇಪು ಹಿಡಿದು ಬರೆದಿಟ್ಟುಕೊಳ್ಳಿ, ನೆಲಕ್ಕೂ ಟೇಪಿನ ಗುರುತು ಅಂಟಿಸಿ.

ಮುಗಿಸುವಾಗಲೂ ಕ್ರಮವಿದೆ. ಮಾಡೆಲಿಂಗ್ ಲ್ಯಾಂಪ್ ಆರಿಸಿ, ಫ್ಯಾನ್ ಇದ್ದರೆ ಅದನ್ನು ಐದು ಹತ್ತು ನಿಮಿಷ ಓಡಲು ಬಿಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣಾಪಾಯದಷ್ಟು ಚಾರ್ಜ್ ಇರಬಹುದು, ಹೆಡ್ ಬಿಚ್ಚಿ ರಿಪೇರಿಗೆ ಇಳಿಯಬೇಡಿ. ಮೊದಲು ಸ್ಟ್ಯಾಂಡ್ ತಗ್ಗಿಸಿ, ಸಾಫ್ಟ್‌ಬಾಕ್ಸ್ ಕಳಚಿ, ಗಾಜು ತಣಿದ ಮೇಲೆ ಮುಚ್ಚಳ ಹಾಕಿ ಹೆಡ್ ಇಳಿಸಿ. ಬೂಮ್ ಆದರೆ ದೀಪ ಇಳಿಯುವಾಗ ಎದುರು ತೂಕದ ತುದಿಯನ್ನು ಇನ್ನೊಬ್ಬರು ಹಿಡಿದಿರಬೇಕು. ಮರಳು ಚೀಲ ತೆಗೆಯುವುದು ಸ್ಟ್ಯಾಂಡ್ ಮೇಲೆ ಏನೂ ಉಳಿಯದ ಮೇಲೆ.